ಇಪ್ಪತ್ತನಾಲ್ಕು ತೂತಿನ ಹಲಗೆ

ಶಾಮಲಾಳ ಮೊಬೈಲಿನಲ್ಲಿ ಮಗನ ಫೋಟೋಗಳಿಗಿಂತ ಗ್ಯಾಸ್ ಒಲೆಯ ಫೋಟೋಗಳು ಹೆಚ್ಚು. ದಿನಾ ಬೆಳಿಗ್ಗೆ ಮನೆ ಬಿಡುವ ಮುಂಚೆ ಒಲೆಯ ಗುಂಡಿ ಆರಿಸಿರುವುದನ್ನು ಒಂದು ಫೋಟೋ ತೆಗೆದುಕೊಳ್ಳುತ್ತಾಳೆ. ಬಸ್ಸಿನಲ್ಲಿ ಕೂತ ಮೇಲೆ ಅದನ್ನು ದೊಡ್ಡದು ಮಾಡಿ ನೋಡುತ್ತಾಳೆ. ಮನೆಯಲ್ಲಿ ಅತ್ತೆ ಶಿವಕಾಂತಾ ದಿನವಿಡೀ ಇರುತ್ತಾರೆ, ಹನ್ನೊಂದಕ್ಕೆ ಅದೇ ಒಲೆ ಹೊತ್ತಿಸಿ ಅನ್ನಕ್ಕಿಡುತ್ತಾರೆ. ಹಾಗಾಗಿ ಹನ್ನೊಂದರ ನಂತರ ಆ ಫೋಟೋ ಏನನ್ನೂ ಸಾಬೀತು ಮಾಡುವುದಿಲ್ಲ. ಅದು ಅವಳಿಗೂ ಗೊತ್ತು. ಆದರೂ ತೆಗೆಯುತ್ತಾಳೆ.

ಮಗ ಪ್ರಣವನಿಗೆ ಒಂದು ವರ್ಷ ಎಂಟು ತಿಂಗಳು. ಅವನು ಕೆಮ್ಮಿದರೆ ನ್ಯುಮೋನಿಯಾ. ಕೆಮ್ಮದೆ ಸುಮ್ಮನೆ ಕೂತಿದ್ದರೆ ಏನೋ ನುಂಗಿದ್ದಾನೆ. ಮನೆಯಲ್ಲಿರುವ ಗುಂಡಿ, ನಾಣ್ಯ, ಪೆನ್ನಿನ ಮುಚ್ಚಳಗಳನ್ನೆಲ್ಲ ಅವಳು ಒಂದು ಡಬ್ಬಿಗೆ ಹಾಕಿ ಕಪಾಟಿನ ತುದಿಗೆ ಇಟ್ಟಿದ್ದಾಳೆ. ಆ ಡಬ್ಬಿ ಮೇಲಿನಿಂದ ಬಿದ್ದರೆ ಎಂಬ ಯೋಚನೆ ಬಂದ ದಿನ ಅದನ್ನು ಕೆಳಗಿನ ಖಾನೆಗೆ ಇಳಿಸಿದಳು. ಮರುದಿನ ಮತ್ತೆ ಮೇಲಕ್ಕೇರಿಸಿದಳು. ಗಂಡ ಸ್ವಪ್ನಿಲ್ ಬಾರಾಮತಿಯ ಹಾಲಿನ ಡೇರಿಯೊಂದರಲ್ಲಿ ಯಂತ್ರಗಳ ಮೇಲ್ವಿಚಾರಕ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾನೆ. ಡಬ್ಬಿ ಎಲ್ಲಿದ್ದರೂ ಅವನ ಅಭ್ಯಂತರವಿಲ್ಲ.

ಮನೆಯಲ್ಲಿ ಈ ಸ್ವಭಾವಕ್ಕೆ ‘ಹುಚ್ಚು’ ಎಂದು ಹೆಸರು. ಕಾಲೇಜಿನಲ್ಲಿ ಇದನ್ನೇ ಕೆಲಸ ಎನ್ನುತ್ತಿದ್ದರು.

ಊರಾಚೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಾಳಿ ಸುರಂಗ ಅಂತ ಒಂದಿದೆ. ಸುರಂಗ ಎಂದರೆ ಭೂಮಿಯೊಳಗಿನದಲ್ಲ. ಲಾರಿಯಷ್ಟು ಉದ್ದದ ಒಂದು ಪೆಟ್ಟಿಗೆ. ಒಂದು ತುದಿಗೆ ಆಳೆತ್ತರದ ಫ್ಯಾನು, ನಡುವೆ ಗಾಜಿನ ಕಿಟಕಿ. ಹಾರುವ ಯಂತ್ರದ ನಮೂನೆಯನ್ನು ಒಳಗಿಟ್ಟು ಗಾಳಿ ಬಿಟ್ಟು ನೋಡುತ್ತಾರೆ. ಶಾಮಲಾ ಅಲ್ಲಿ ಆರು ವರ್ಷದಿಂದ ಟೆಕ್ನಿಷಿಯನ್. ಅಪ್ಪ ಧಾರವಾಡದ ಕಡೆಯಿಂದ ಗುಮಾಸ್ತಿಕೆಗೆ ಬಂದವರು. ಅವಳು ಹುಟ್ಟಿದ್ದು, ಓದಿದ್ದು, ಡಿಪ್ಲೊಮಾ ಮಾಡಿದ್ದು ಎಲ್ಲ ಪುಣೆಯಲ್ಲೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಸುರಂಗದ ಕೋಣೆಯಲ್ಲಿ ಮಾತ್ರ ಮತ್ತೆ ಕನ್ನಡ, ಏಕೆಂದರೆ ಅದರ ಮುಖ್ಯಸ್ಥರಾದ ಪ್ರಲ್ಹಾದ ಸರ್ ಕೂಡ ಧಾರವಾಡದವರು. ಆರು ವರ್ಷದಲ್ಲಿ ಅವಳು ಜೋಡಿಸಿದ ಒಂದು ನಳಿಕೆಯೂ ಸೋರಿಲ್ಲ, ಒಂದು ತೂತೂ ಕಟ್ಟಿಲ್ಲ. ಸರ್ ಬಂದವರಿಗೆಲ್ಲ ಸುರಂಗ ತೋರಿಸಿ, ಆಮೇಲೆ ಅವಳನ್ನು ತೋರಿಸುತ್ತಿದ್ದರು.

“ಇವರು ಮುಟ್ಟಿದ್ದನ್ನ ನಾವು ಮತ್ತ ನೋಡೂದಿಲ್ರಿ. ಇವರ ಮೂರು ಸಲ ನೋಡಿರ್ತಾರ.”

ಮಳೆಗಾಲ ಮುಗಿಯುವ ಹೊತ್ತಿಗೆ ವಿಮಾನ ನಗರದ ಒಂದು ಸಣ್ಣ ಕಂಪನಿ ಒಂದು ಕೆಲಸ ತಂದಿತು. ಅವರು ಒಬ್ಬ ಮನುಷ್ಯ ಕೂರುವಂಥ ಯಂತ್ರ ಮಾಡಿದ್ದರು. ಓಡುವ ದಾರಿ ಬೇಡ, ರೆಕ್ಕೆ ಬೇಡ. ಜೆಟ್ ಗಾಳಿಯನ್ನು ಕೆಳಕ್ಕೆ ಉಗುಳಿ ನೆಟ್ಟಗೆ ಮೇಲೇಳುತ್ತದೆ, ನೆಟ್ಟಗೆ ಇಳಿಯುತ್ತದೆ. ಘಾಟಿನಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರಲಿಕ್ಕೆ ಎಂದು ಅವರ ಕಾಗದದಲ್ಲಿತ್ತು. ಒಬ್ಬನೇ ಕೂರುವ ಯಂತ್ರದಲ್ಲಿ ಸಿಕ್ಕಿಬಿದ್ದವನನ್ನು ಎಲ್ಲಿ ಕೂರಿಸುತ್ತಾರೆ ಎಂದು ಶಾಮಲಾ ಕೇಳಿದಳು. ಅದು ಮುಂದಿನ ಹಂತ ಎಂದು ಉತ್ತರ ಬಂತು.

ಅವರಿಗೆ ಗೊತ್ತಾಗಬೇಕಿದ್ದ ಸಂಗತಿ ಒಂದೇ. ಮೇಲಿನಿಂದ ರಭಸದಿಂದ ಬಂದ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ನಲ್ಲಿಯ ನೀರು ಬಚ್ಚಲ ಕಲ್ಲಿಗೆ ಬಿದ್ದು ಹರಡುವ ಹಾಗೆ. ಹೊರಗೆ ಗಾಳಿ ಇಲ್ಲದಿದ್ದರೆ ದೂರ ಹೋಗಿ ಸುಮ್ಮನಾಗುತ್ತದೆ. ಆದರೆ ಅಡ್ಡಗಾಳಿ ಬೀಸುತ್ತಿದ್ದರೆ, ಅದಕ್ಕೆ ಎದುರಾಗಿ ನೆಲ ಹಿಡಿದು ಹೊರಟ ಗಾಳಿ ಒಂದಿಷ್ಟು ದೂರ ಹೋಗಿ, ಮುಂದೆ ದಾರಿ ಸಿಗದೆ, ಮೇಲೆದ್ದು, ಸುರುಳಿ ಸುತ್ತಿಕೊಂಡು ಹಿಂದಕ್ಕೆ ಬರುತ್ತದೆ. ನಿಜವಾದ ಯಂತ್ರದಲ್ಲಿ ಆ ಗಾಳಿ ಸುಡುವಂಥದು. ಸುರುಳಿ ಒಂದೇ ಜಾಗದಲ್ಲಿ ನಿಂತಿದ್ದರೆ ಅದರಿಂದ ತಪ್ಪಿಸಿಕೊಳ್ಳಬಹುದು. ಹಿಂದೆ ಮುಂದೆ ತೂಗಾಡುತ್ತಿದ್ದರೆ ಯಾವಾಗ ಯಂತ್ರದ ಬಾಯಿಗೆ ಬರುತ್ತದೆ ಎಂದು ಹೇಳಲಾಗದು. ಬಂದರೆ ಯಂತ್ರ ತನ್ನ ಬಿಸಿ ಉಸಿರನ್ನೇ ತಾನು ಕುಡಿದು ಉಸಿರುಗಟ್ಟಿ ಬೀಳುತ್ತದೆ. ನಿಂತಿರುತ್ತದೋ, ತೂಗಾಡುತ್ತದೋ? ಅಷ್ಟು ಹೇಳಿರಿ ಎಂದರು.

ಇದಕ್ಕಾಗಿ ಶಾಮಲಾ ಒಂದು ಹಲಗೆ ಮಾಡಿದಳು. ಅಲ್ಯೂಮಿನಿಯಂ ಹಲಗೆ, ಸುರಂಗದೊಳಗೆ ಅದೇ ನೆಲ. ಮೇಲಿನಿಂದ ಹೆಬ್ಬೆರಳು ಗಾತ್ರದ ಕೊಳವೆಯಲ್ಲಿ ಜೆಟ್ ಗಾಳಿ ಅದಕ್ಕೆ ಬಡಿಯುತ್ತದೆ, ಫ್ಯಾನಿನ ಅಡ್ಡಗಾಳಿ ಅದರ ಮೇಲೆ ಹಾಯುತ್ತದೆ. ಹಲಗೆಯ ನಡುವೆ ಒಂದೇ ಸಾಲಿನಲ್ಲಿ ಇಪ್ಪತ್ತನಾಲ್ಕು ತೂತು, ಒಂದೊಂದೂ ಅರ್ಧ ಮಿಲಿಮೀಟರು. ಪ್ರತಿ ತೂತಿನ ಕೆಳಗೆ ಒಂದು ಸಣ್ಣ ನಳಿಕೆ, ನಳಿಕೆಯ ತುದಿಗೆ ಗಾಳಿಯ ಒತ್ತಡವನ್ನು ಸೆಕೆಂಡಿಗೆ ಐನೂರು ಸಲ ಬರೆದುಕೊಳ್ಳುವ ಪೆಟ್ಟಿಗೆ. ತೂತು ಕೊರೆಯುವಾಗ ಹನ್ನೊಂದು ಡ್ರಿಲ್ ಮುರಿದವು. ಇಪ್ಪತ್ತನಾಲ್ಕನ್ನೂ ಬಾಯಿಂದ ಊದಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಊದಿದಳು.

ಅಷ್ಟರಲ್ಲಿ ಖಂಡೇನವಮಿ, ಆಯುಧಪೂಜೆಯ ದಿನ, ಬಂತು.

ಪುಣೆಯಲ್ಲಿ ಖಂಡೇನವಮಿಗೆ ಲೇತ್ ಯಂತ್ರಕ್ಕೂ ಚೆಂಡುಹೂವಿನ ಮಾಲೆ ಬೀಳುತ್ತದೆ, ಸ್ಕೂಟರಿಗೂ ಬೀಳುತ್ತದೆ. ಕಾಲೇಜಿನಲ್ಲಿ ಸರ್ ಒಂದು ನಿಯಮ ಮಾಡಿದ್ದರು: ಪೂಜೆ ಫ್ಯಾನಿನ ಮೋಟರಿಗೆ ಮಾತ್ರ, ಸುರಂಗದೊಳಕ್ಕೆ ಹೂವು, ಅಕ್ಷತೆ ಏನೂ ಹೋಗಬಾರದು. ಒಂದು ವರ್ಷ ಒಳಗೆ ಉಳಿದ ಅಕ್ಕಿಕಾಳು ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಹೊರಗೆ ಬಂದಿತ್ತು.

ಆದರೆ ಶಿವಕಾಂತಾ ಅವರ ಮನೆತನದ ಪದ್ಧತಿ ಬೇರೆ. ಅವರ ಮನೆಯಲ್ಲಿ ಏಟು ಕೊಡುವುದಕ್ಕೆ ಪೂಜೆಯಿಲ್ಲ, ಏಟು ತಿನ್ನುವುದಕ್ಕೆ ಪೂಜೆ. ಒನಕೆಗಲ್ಲ, ಒರಳಿಗೆ. ಸುತ್ತಿಗೆಗಲ್ಲ, ಅಡೆಗಲ್ಲಿಗೆ. ಚಾಕುವಿಗಲ್ಲ, ಹೆಚ್ಚುಮಣೆಗೆ. ಮನೆಯ ಸೊಸೆ ಅರಿಷಿಣ ಕುಂಕುಮ ಕಲಸಿ ಬಲಗೈಗೆ ಬಳಿದುಕೊಂಡು ಅದರ ಮೇಲೆ ಹಸ್ತ ಒತ್ತಬೇಕು.

“ನಿಮ್ಮ ಆಫೀಸಿನ್ಯಾಗ ಏಟು ತಿನ್ನೂದು ಯಾವುದವಾ?” ಎಂದು ಅತ್ತೆ ಕೇಳಿದರು.

“ಒಂದು ಹಲಗಿ ಅದ ರೀ ಅತ್ತಿ. ಅದರ ಮ್ಯಾಲೆ ಗಾಳಿ ಬಡೀತದ.”

“ಮತ್ತ ಅದಕ್ಕ ಒತ್ತು. ಕೂಸಿನ ತಾಯಿ ಇದ್ದೀ, ತಪ್ಪಸಬ್ಯಾಡ.”

ಕೂಸಿನ ತಾಯಿ ಎನ್ನದಿದ್ದರೆ ಅವಳು ತಪ್ಪಿಸುತ್ತಿದ್ದಳೋ ಏನೋ. ಅಂದ ಮೇಲೆ ಒತ್ತದೆ ಇರುವ ಧೈರ್ಯ ಅವಳಿಗಿರಲಿಲ್ಲ. ಮೋಟರಿನ ಪೂಜೆ ಮುಗಿದು ಎಲ್ಲರೂ ಪೇಢೆ ತಿನ್ನಲು ಹೊರಗೆ ಹೋದಾಗ ಗಾಜಿನ ಬಾಗಿಲು ತೆರೆದು, ಹಲಗೆಯ ನಡುವೆ ಹಸ್ತ ಒತ್ತಿದಳು. ಹೂವು ಇಡಲಿಲ್ಲ, ಅಕ್ಷತೆ ಹಾಕಲಿಲ್ಲ. ನಿಯಮದಲ್ಲಿ ಹಸ್ತದ ಮಾತು ಇರಲಿಲ್ಲ.

ದಸರೆಯ ರಜೆ ಮುಗಿಸಿ ಶುಕ್ರವಾರ ಎಲ್ಲರಿಗಿಂತ ಮುಂಚೆ ಬಂದು ಒದ್ದೆ ಬಟ್ಟೆಯಿಂದ ಹಲಗೆಯನ್ನು ಒರೆಸಿದಳು. ಹೊಸ ಬಟ್ಟೆ ತಂದು ಮತ್ತೆ ಒರೆಸಿದಳು. ಗುರುತು ಉಳಿದೀತು ಎಂಬ ಆತಂಕಕ್ಕೆ ಮೂರನೆಯ ಸಲ ಒತ್ತಿ ಒತ್ತಿ ಒರೆಸಿದಳು. ಹಲಗೆ ಕನ್ನಡಿಯ ಹಾಗೆ ಹೊಳೆಯಿತು. ಮುಖ ನೋಡಿಕೊಂಡಳು, ಸರಿಯಾಗಿತ್ತು.

ಮುಂದಿನ ಸೋಮವಾರದಿಂದ ಗುರುವಾರದವರೆಗೆ ಪರೀಕ್ಷೆ ನಡೆಯಿತು. ಫಲಿತಾಂಶ ಚಂದ ಬಂತು. ಪ್ರತಿ ತೂತಿನ ಸರಾಸರಿ ಒತ್ತಡ ಕಂಪ್ಯೂಟರಿನ ಲೆಕ್ಕದ ಜೊತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಸುರುಳಿ ಇರುವ ಜಾಗದಲ್ಲಿ ಪರದೆಯ ಮೇಲಿನ ಒತ್ತಡದ ಗೆರೆಗಳು ಸೆಕೆಂಡಿಗೆ ಐನೂರು ಸಲವೂ ಒಂದೇ ಮಾತು ಹೇಳಿದವು. ಅಲುಗಾಟವಿಲ್ಲ.

“ನಿಂತದ,” ಎಂದರು ಪ್ರಲ್ಹಾದ ಸರ್. “ಗೂಟ ಬಡದು ಕಟ್ಟಿಧಂಗ ನಿಂತದ.”

ಶಾಮಲಾ ಅದೇ ವಾರ ಹೊಗೆಯನ್ನೂ ಬಿಟ್ಟಿದ್ದಳು. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಕಾಣಲಿ ಎಂದು ಹೊಗೆ. ಕಾಲೇಜಿನ ಹೊಗೆ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ಮದುವೆ ಮಂಟಪದಲ್ಲಿ ವಧೂವರರ ಕಾಲ ಬಳಿ ಮೋಡ ಬಿಡುವವನಿಂದ ಬಾಡಿಗೆಗೆ ತಂದದ್ದು. ಅದರ ಹೊಗೆಗೆ ಗುಲಾಬಿಯ ವಾಸನೆ. ಆ ಗುಲಾಬಿ ಹೊಗೆಯಲ್ಲಿ ಅವಳು ನೋಡಿದ ಸುರುಳಿ ನಿಂತಿರಲಿಲ್ಲ. ಮುಂದಕ್ಕೆ ಹೋಗುತ್ತಿತ್ತು, ಉಬ್ಬುತ್ತಿತ್ತು, ಒಮ್ಮೆಲೇ ಕುಸಿದು ಹಿಂದಕ್ಕೆ ಬರುತ್ತಿತ್ತು, ಹಸಿದ ಎಮ್ಮೆ ಗೋದಲಿಯ ಮುಂದೆ ತಲೆ ಆಡಿಸುವ ಹಾಗೆ.

“ಸರ್, ಹೊಗಿ ಒಳಗ ಅದು ಅಲುಗಾಡ್ತದ ರೀ.”

“ಹೊಗಿ ಮದುವಿ ಮನಿದು, ಶಾಮಲಾ. ಕುಣೀತದ.”

“ಇಲ್ರಿ ಸರ್, ಖರೇನ.”

“ನಿಮಗ ಯಾವುದು ಅಲುಗಾಡೂದಿಲ್ಲ ಹೇಳ್ರಿ? ಹ್ವಾದ ವಾರ ಈ ಛತ್ತು ಅಲುಗಾಡ್ತದ ಅಂದ್ರಿ. ಕಣ್ಣು ಮೋಸ ಮಾಡ್ತದ, ಅಂಕಿ ಮಾಡೂದಿಲ್ಲ. ಮತ್ತ ತೂತು ನಿಮ್ಮ ಕೈಲೇ ಕೊರದದ್ದು. ನಿಮ್ಮ ಮ್ಯಾಲೆ ನಿಮಗ ನಂಬಿಕಿ ಇಲ್ಲೇನು?”

 ಛಾವಣಿಯ ಮಾತು ನಿಜ, ಅವಳು ಹೇಳಿದ್ದಳು. ದಿನಾ ಆತಂಕ ಪಡುವವರ ಆತಂಕಕ್ಕೆ ಬೆಲೆ ಇರುವುದಿಲ್ಲ. ಅದು ಗಡಿಯಾರದ ಸದ್ದಿನ ಹಾಗೆ, ನಿಂತರೆ ಮಾತ್ರ ಜನ ತಿರುಗಿ ನೋಡುತ್ತಾರೆ.

ಶುಕ್ರವಾರ ರೋಹಿತ ಬಂದ. ಯಂತ್ರದಲ್ಲಿ ಕೂರುವ ಮನುಷ್ಯ ಅವನೇ. ಭೋರ್ ಕಡೆಯವನು, ಇಪ್ಪತ್ತಾರರ ವಯಸ್ಸು, ಹುಬ್ಬಿನ ಮೇಲೊಂದು ಹಳೆಯ ಹೊಲಿಗೆಯ ಗುರುತು. ಬರುವ ಸೋಮವಾರ ಬಾರಾಮತಿ ಹತ್ತಿರದ ಬಯಲಿನಲ್ಲಿ ಮೊದಲ ಹಾರಾಟ; ನೆಲದಿಂದ ಎರಡು ಮೀಟರು ಎತ್ತರ, ಮೂರು ನಿಮಿಷ. ಕಂಪನಿ ಒಂದೇ ಕಾಗದಕ್ಕೆ ಕಾಯುತ್ತಿತ್ತು: ಸುರುಳಿ ನಿಂತಿದೆ ಎಂಬ ಪ್ರಲ್ಹಾದ ಸರ್ ಅವರ ಸಹಿ. ಅವನಿಗೆ ಕನ್ನಡ ಬರದು, ಅವನೊಡನೆ ಮಾತೆಲ್ಲ ಮರಾಠಿಯಲ್ಲೇ; ಶಾಮಲಾಳನ್ನು ನೋಡಿದ ಗಳಿಗೆಗೇ ಅಲ್ಲಿಯ ರೂಢಿಯಂತೆ ‘ತಾಈ’, ಅಕ್ಕ, ಎಂದು ಶುರುಮಾಡಿದ.

“ತಾಈ, ಇದೇನಾ ನನ್ನ ನೆಲ?” ಎಂದು ಗಾಜಿನ ಮೂಲಕ ಹಲಗೆ ನೋಡಿದ. “ಚೊಕ್ಕಟ ಇಟ್ಟೀರಿ.”

“ಎರಡು ಮೀಟರಿಂದ ಬಿದ್ದರೆ ಏನಾಗ್ತದೆ?” ಎಂದು ಶಾಮಲಾ ಕೇಳಿದಳು. ನಮಸ್ಕಾರ ಆಮೇಲೆ ಹೇಳಿದಳು.

“ಎರಡು ಮೀಟರ್ ಅಂದ್ರೆ ಏನು ತಾಈ, ನಾನು ಮಾವಿನ ಮರದಿಂದ ಅದಕ್ಕಿಂತ ಮೇಲಿಂದ ಬಿದ್ದೀನಿ.” ಹುಬ್ಬು ತೋರಿಸಿದ.

“ಮಾವಿನ ಮರದಲ್ಲಿ ಸೀಮೆಎಣ್ಣೆ ತುಂಬಿರಲ್ಲ.”

ಅವನು ಇದನ್ನು ಯೋಚಿಸಿದ. “ಇರಲ್ಲ,” ಎಂದು ಒಪ್ಪಿಕೊಂಡ.

“ಮನೆಯಲ್ಲಿ ಏನು ಹೇಳಿದ್ದೀಯಾ? ಅಮ್ಮನಿಗೆ?”

“ಆಫೀಸ್ ಕೆಲಸ ಅಂತ. ಕೂತು ಮಾಡೋ ಕೆಲಸ. ಸುಳ್ಳಲ್ಲವಲ್ಲ?”

ಶಾಮಲಾ ಅವನಿಗಾಗಿ ಹೊಗೆ ಬಿಟ್ಟು ತೋರಿಸಿದಳು. ಅವನು ಗಾಜಿಗೆ ಮೂಗು ಹಚ್ಚಿ ನೋಡಿದ, ಭಾಳ ಛಂದ ಇದೆ ಎಂದ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ನಾಳೆ ಹತ್ತಕ್ಕೆ ಬಂದು ಕಾಗದ ಒಯ್ಯುತ್ತೇನೆ ಎಂದು ಹೇಳಿ ಹೋದ. ಅವನ ಬೆನ್ನು ಕಾಣುವವರೆಗೆ ಶಾಮಲಾ ನೋಡಿದಳು. ಯಾರದೋ ಮಗ ಎನ್ನುವುದು ಎಲ್ಲರ ಬಗ್ಗೆಯೂ ನಿಜ. ಒಂದೂವರೆ ವರ್ಷದಿಂದ ಅದು ಅವಳಿಗೆ ಎಲ್ಲರನ್ನು ಕಂಡಾಗಲೂ ನೆನಪಾಗುತ್ತಿತ್ತು. ಬಸ್ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತರೂ ನೆನಪಾಗುತ್ತಿತ್ತು.

ಹೋಗುವ ಮುಂಚೆ ಅವಳು ಕಂಪ್ಯೂಟರಿನ ಮುಂದೆ ಕೂತು ಇಪ್ಪತ್ತನಾಲ್ಕು ಗೆರೆಗಳನ್ನು ಒಂದರ ಕೆಳಗೊಂದು ತೆರೆದಳು. ಸರಾಸರಿ ಅಲ್ಲ, ಹಸಿ ಗೆರೆಗಳು. ಇಪ್ಪತ್ತನಾಲ್ಕನ್ನೂ ಹೀಗೆ ಒಟ್ಟಿಗೆ ಯಾರೂ ನೋಡುವುದಿಲ್ಲ. ಸರಾಸರಿ ಕೂಡಿಬಂದ ಮೇಲೆ ನೋಡುವ ಕಾರಣವಿರುವುದಿಲ್ಲ.

ಒಂದರಿಂದ ಏಳನೆಯ ತೂತಿನವರೆಗೆ ಗೆರೆ ಸಣ್ಣಗೆ ನಡುಗುತ್ತಿತ್ತು. ಗಾಳಿ ಎಂದರೆ ಅಷ್ಟು ನಡುಕ ಇದ್ದೇ ಇರುತ್ತದೆ. ಎಂಟರಿಂದ ಹದಿನೈದು, ಸುರುಳಿ ಇರುವ ಜಾಗ: ಒರೆಸಿದ ನೆಲದಷ್ಟು ಸಪಾಟು. ಹದಿನಾರು, ಹದಿನೇಳು ಮತ್ತೆ ನಡುಕ. ಹದಿನೆಂಟು ಸಪಾಟು. ಹತ್ತೊಂಬತ್ತರಿಂದ ಕೊನೆಯವರೆಗೆ ನಡುಕ.

ಎಂಟು ತೂತು ಒಟ್ಟಿಗೆ, ಎರಡು ಬಿಟ್ಟು ಇನ್ನೊಂದು. ಇಂಥ ಗಾಳಿ ಯಾವ ಪುಸ್ತಕದಲ್ಲೂ ಇಲ್ಲ. ತೂತಿನಿಂದ ತೂತಿಗೆ ಒಂದು ಸೆಂಟಿಮೀಟರು. ಶಾಮಲಾ ಪಟ್ಟಿ ತೆಗೆದು ಮೇಜಿನ ಮೇಲೆ ಗುರುತು ಹಾಕಿದಳು. ಗುರುತಿನ ಮೇಲೆ ಬಲಗೈ ಇಟ್ಟಳು.

ಎಂಟರಿಂದ ಹದಿನೈದು ಅಂಗೈ. ಹದಿನೆಂಟು ಹೆಬ್ಬೆರಳು.

ಅವಳು ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಚೀಲ ತೆಗೆದುಕೊಂಡು ಬಸ್ಸಿಗೆ ಹೋದಳು, ಏಕೆಂದರೆ ಆರು ಗಂಟೆಗೆ ಕಾವಲುಗಾರ ಬೀಗ ಹಾಕುತ್ತಾನೆ ಮತ್ತು ಪ್ರಣವನಿಗೆ ಆರೂವರೆಗೆ ಹಾಲು.

ಶನಿವಾರ ಎಂಟಕ್ಕೇ ಬಂದಳು. ಹಲಗೆಯನ್ನು ಸುರಂಗದಿಂದ ತೆಗೆದು, ನಳಿಕೆಗಳನ್ನೆಲ್ಲ ಬಿಚ್ಚಿ, ಕಿಟಕಿಯ ಬಿಸಿಲಿಗೆ ಹಿಡಿದಳು. ಇಪ್ಪತ್ತನಾಲ್ಕರಲ್ಲೂ ಬೆಳಕು ಬಂತು. ಹದಿನೈದು ತೂತುಗಳಲ್ಲಿ ಬೆಳ್ಳಗೆ ಬಂತು. ಉಳಿದ ಒಂಬತ್ತು ತೂತುಗಳಲ್ಲಿ ಕೆಂಪಗೆ, ಸೂಜಿಮೊನೆಯಷ್ಟೇ ಬಂತು. ಒರೆಸಿದಾಗ ಹಲಗೆಯ ಮೇಲಿಂದ ಹೋದ ಕುಂಕುಮ ಹೋದದ್ದು ಅಲ್ಲಿಗೇ. ತೂತು ಪೂರ್ತಿ ಮುಚ್ಚಿದ್ದರೆ ಸರಾಸರಿಯೂ ತಪ್ಪುತ್ತಿತ್ತು, ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಅರ್ಧ ಮುಚ್ಚಿದ್ದರಿಂದ ಒತ್ತಡ ನಿಧಾನಕ್ಕೆ ಒಳಗಿಳಿದು ಸರಾಸರಿಯನ್ನು ಸರಿಯಾಗಿ ಹೇಳಿತ್ತು, ನಡುಕವನ್ನು ಹೊರಗೇ ನಿಲ್ಲಿಸಿತ್ತು. ಒಂದು ಸಲ ಒರೆಸಿ ಬಿಟ್ಟಿದ್ದರೆ ಇಷ್ಟು ಒಳಗೆ ಹೋಗುತ್ತಿರಲಿಲ್ಲ.

ಹೇಳದೆಯೂ ಇರಬಹುದಿತ್ತು. ಅವಳ ನೇಮಕಾತಿ ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗುವಂಥದು, ನವೆಂಬರಿನಲ್ಲಿ ಕಡತ ಮೇಲಕ್ಕೆ ಹೋಗುತ್ತಿತ್ತು. ಅದಕ್ಕೂ ಪ್ರಲ್ಹಾದ ಸರ್ ಅವರದೇ ಸಹಿ. ಬೆಚ್ಚಗಿನ ನೀರು, ಸಣ್ಣ ತಂತಿ, ಅರ್ಧ ಗಂಟೆ. ತೂತು ಶುದ್ಧವಾಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಸೋಮವಾರ ಗಾಳಿ ಬೀಸದೆ ಇರಲೂಬಹುದು. ಇದೆಲ್ಲವನ್ನೂ ಅವಳು ಯೋಚಿಸಿದಳು. ಯೋಚಿಸುವುದರಲ್ಲಿ ಅವಳಿಗೆ ಅನುಭವವಿತ್ತು. ಯೋಚನೆ ಪ್ರತಿ ಸಲವೂ ಎರಡು ಮೀಟರ್ ಎತ್ತರಕ್ಕೆ ಹೋಗಿ ಅಲ್ಲಿಂದ ಕೆಳಗೆ ಬೀಳುತ್ತಿತ್ತು.

ಹತ್ತು ಗಂಟೆಗೆ ಪ್ರಲ್ಹಾದ ಸರ್ ಬಂದರು, ಅವರ ಹಿಂದೆಯೇ ರೋಹಿತ, ಕೈಯಲ್ಲಿ ಪೇಢೆಯ ಪೆಟ್ಟಿಗೆ. ಸಹಿ ಹಾಕಿದ ವರದಿ ಸರ್ ಅವರ ಕಂಕುಳಲ್ಲಿತ್ತು.

“ಸರ್, ಅದನ್ನ ಕೊಡಬ್ಯಾಡ್ರಿ.”

“ಯಾಕ್ರೀ?”

“ಹಲಗಿ ಮ್ಯಾಲೆ ನಾನು ಕೈ ಒತ್ತೀನ್ರಿ.”

ಸರ್ ಹಲಗೆ ನೋಡಿದರು. ಅದು ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. “ಯಾವಾಗ? ಈಗ?”

“ಖಂಡೇನವಮಿ ದಿವಸ. ಅರಿಷಿಣ ಕುಂಕುಮ ಹಚ್ಚಿ. ನಮ್ಮ ಮನ್ಯಾಗ ಪದ್ಧತಿ ಅದ ರೀ, ಏಟು ತಿನ್ನೂದಕ್ಕ ಒತ್ತಬೇಕು. ಆಮ್ಯಾಲೆ ಒರಸಿದೆ.”

“ಒರಸಿದ್ರಿ ಅಂದ ಮ್ಯಾಲೆ ಆತಲ್ಲ.”

“ಮೂರು ಸಲ ಒರಸಿದೆ ರೀ. ಅದಕ್ಕ ಒಳಗ ಹೋಗ್ಯದ.”

ಹಲಗೆಯನ್ನು ಎತ್ತಿ ಕಿಟಕಿಗೆ ಹಿಡಿದಳು. ಸರ್ ಕನ್ನಡಕ ಹಣೆಗೇರಿಸಿ ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ರೋಹಿತ ಪೇಢೆಯ ಪೆಟ್ಟಿಗೆ ಹಿಡಿದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖ ನೋಡುತ್ತಿದ್ದ. ಮಾತು ತಿಳಿಯದಿದ್ದರೂ ಪೇಢೆಯ ಹೊತ್ತಲ್ಲ ಎಂಬುದು ತಿಳಿದಿತ್ತು.

“ಸುರಂಗದೊಳಗ ಪೂಜಿ ಬ್ಯಾಡ ಅಂತ ಬೋರ್ಡು ಹಚ್ಚೀನಿ.”

“ಹೌದ್ರಿ.”

“ಆ ಬೋರ್ಡು ಯಾರು ಬರದದ್ದು?”

“ನಾನ ರೀ.”

ಸರ್ ಹಲಗೆಯನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಅವರಿಗೆ ಸಿಟ್ಟು ಬಂದದ್ದು ಶಾಮಲಾಳಿಗೆ ಕಾಣುತ್ತಿತ್ತು. ಆದರೆ ಅದು ಯಾರ ಮೇಲೆ ಎಂದು ಅವರಿಗೇ ಇನ್ನೂ ಗೊತ್ತಾಗಿರಲಿಲ್ಲ. ಹೊಗೆಯ ಮಾತು ಅವರಿಗೂ ನೆನಪಿತ್ತು. ಕೊನೆಗೆ, “ತಂತಿ ತರ್ರಿ,” ಎಂದರು.

ತೂತುಗಳನ್ನು ಇಬ್ಬರೂ ಸೇರಿ ಶುದ್ಧ ಮಾಡಿದರು. ಹೆಬ್ಬೆರಳಿನದು ಬೇಗ ಬಿಟ್ಟಿತು, ಅಂಗೈಯದು ತಡವಾಯಿತು. ಹನ್ನೆರಡೂವರೆಗೆ ಫ್ಯಾನು ಹಾಕಿದರು, ಜೆಟ್ ಬಿಟ್ಟರು. ಪರದೆಯ ಮೇಲೆ ಎಂಟರಿಂದ ಹದಿನೈದರವರೆಗಿನ ಗೆರೆಗಳು ಏರಿ, ಕುಸಿದು, ಮತ್ತೆ ಏರಿ, ಅಕ್ಕಪಕ್ಕದ ಗೆರೆಗಳ ಜಾಗಕ್ಕೂ ನುಗ್ಗಿದವು. ಮಿಕ್ಕ ಹದಿನಾರು ತೂತುಗಳ ನಡುಕ ಅದರ ಮುಂದೆ ಏನೂ ಅಲ್ಲ.

“ಸರಾಸರಿ ಮೊದಲಿನದ ಅದ ನೋಡ್ರಿ,” ಎಂದರು ಸರ್.

“ಹೌದ್ರಿ.”

“ಸರಾಸರಿ ತಪ್ಪಿಲ್ಲ.”

“ಇಲ್ರಿ ಸರ್. ಆದ್ರ ಕೂರವನು ಸರಾಸರಿ ಮ್ಯಾಲೆ ಕೂರೂದಿಲ್ಲಲ್ರಿ.”

ಸರ್ ವರದಿಯ ಕೊನೆಯ ಹಾಳೆ ತೆಗೆದು ತಮ್ಮ ಸಹಿಯ ಮೇಲೆ ಗೀಟು ಎಳೆದರು, ಗೀಟಿನ ಕೆಳಗೆ ಇನ್ನೊಂದು ಸಹಿ ಹಾಕಿದರು. ಆಮೇಲೆ ಕಂಪನಿಗೆ ಫೋನು ಮಾಡಿದರು. ಪರೀಕ್ಷೆಯಲ್ಲಿ ದೋಷವಾಗಿದೆ, ಸುರುಳಿ ತೂಗಾಡುತ್ತದೆ, ಗಾಳಿ ಇರುವಾಗ ಮನುಷ್ಯನನ್ನು ಕೂರಿಸಬೇಡಿ ಎಂದರು. ದೋಷಕ್ಕೆ ಕಾರಣ ಕೇಳಿದಾಗ, “ತೂತಿನೊಳಗೆ ಬಾಹ್ಯ ವಸ್ತು” ಎಂದರು. ಅಷ್ಟೇ ಹೇಳಿದರು. ಶಾಮಲಾಳ ಕಡತದಲ್ಲಿ ಮಾತ್ರ ‘ನಿಯಮೋಲ್ಲಂಘನೆ, ಒಂದು’ ಎಂದು ಬರೆದರು, ಬರೆದದ್ದನ್ನು ಅವಳಿಗೆ ತೋರಿಸಿದರು.

ಸಂಜೆ ಅತ್ತೆಗೆ ಹೇಳಿದಾಗ ಅವರಿಗೆ ಬೇಸರವೇನೂ ಆಗಲಿಲ್ಲ.

“ಒತ್ತಿದ್ದಕ್ಕ ಗೊತ್ತಾತು ಮತ್ತ. ಒತ್ತದಿದ್ರ ಹ್ಯಾಂಗ ಗೊತ್ತಾಗತಿತ್ತು?”

ಶಾಮಲಾ ಮಗನಿಗೆ ಗಂಜಿ ಉಣಿಸತೊಡಗಿದಳು.

ಕಂಪನಿಯವರಿಗೆ ಹಾರಾಟ ನಿಲ್ಲಿಸುವ ಮನಸ್ಸಿರಲಿಲ್ಲ. ಬಯಲು ಬಾಡಿಗೆಗೆ ಹಿಡಿದಾಗಿತ್ತು, ಶಾಮಿಯಾನ ಹಾಕಿಸಿಯಾಗಿತ್ತು. ಕಡೆಗೆ ರೋಹಿತನ ಜಾಗದಲ್ಲಿ ಮರಳಿನ ಚೀಲ ಕೂರಿಸಿ, ಯಂತ್ರವನ್ನು ದೂರದಿಂದ ನಡೆಸುವುದೆಂದಾಯಿತು. ಅರವತ್ತೆಂಟು ಕಿಲೋ ಚೀಲ, ರೋಹಿತನ ತೂಕವೇ. ಅವನು ಸಿಟ್ಟಾಗಿದ್ದ. ಭಾನುವಾರ ಫೋನು ಮಾಡಿ, “ತಾಈ, ಎರಡು ವರ್ಷ ಕಾದಿದ್ದೆ. ಮೊದಲು ಹಾರೋದು ಚೀಲ. ಬೆಲ್ಟು ನಾನೇ ಕಟ್ಟಬೇಕಂತೆ,” ಎಂದ. ಅವಳು, ಬಿಗಿಯಾಗಿ ಕಟ್ಟು ಎಂದಳು. ಅವನು ಫೋನಿಟ್ಟ.

ಸೋಮವಾರ ಗಂಡ ಬಾರಾಮತಿ ಮುಟ್ಟಿದ ಗಳಿಗೆಯಿಂದ ಅವಳು ಅವನಿಗೆ ಫೋನು ಮಾಡತೊಡಗಿದಳು.

“ಡೇರಿ ಹಿಂದ ಕಬ್ಬು ಅದ ಅಲ್ಲ, ಗರಿ ಅಲುಗಾಡ್ತಾವೇನ್ರಿ?”

“ಇಲ್ಲ.”

“ಸ್ವಲ್ಪನೂ?”

“ಶಾಮಲಾ, ಕಬ್ಬು ಪೊಲೀಸ್ ಪರೇಡಿನ್ಯಾಗ ನಿಂಧಂಗ ನಿಂತದ.”

ಅಂದು ಯಂತ್ರ ಹಾರಿತು. ಎರಡು ಮೀಟರ್ ಮೇಲೆದ್ದು, ಮೂರು ನಿಮಿಷ ನಿಂತು, ಇಳಿಯಿತು. ಮಂಗಳವಾರವೂ ಹಾರಿತು. ಬುಧವಾರ ಎರಡು ಸಲ ಹಾರಿತು. ಕಂಪನಿಯಿಂದ ಪ್ರಲ್ಹಾದ ಸರ್ ಅವರಿಗೆ ಒಂದು ವಿನಯದ ಪತ್ರ ಬಂತು. ಯಂತ್ರಕ್ಕೆ ಏನೂ ತೊಂದರೆಯಿಲ್ಲವೆಂದೂ, ಶುಕ್ರವಾರದಿಂದ ಮನುಷ್ಯ ಕೂರುವನೆಂದೂ ಅದರಲ್ಲಿತ್ತು. ಸರ್ ಪತ್ರವನ್ನು ಶಾಮಲಾಳ ಮೇಜಿನ ಮೇಲಿಟ್ಟು ಹೋದರು. ಮೂರು ದಿನವೂ ಕಬ್ಬು ಅಲುಗಾಡಿರಲಿಲ್ಲ. ಅದನ್ನು ಯಾವ ಪತ್ರದಲ್ಲಿ ಬರೆಯುವುದು? ಅವಳು ಆದರೂ ಬರೆದಳು; ದಿನಾಂಕ, ಸಮಯ, ಗರಿಯ ಸ್ಥಿತಿ. ಸರ್ ಅದರ ಕೆಳಗೆ ಸಹಿ ಹಾಕಿ ಕಂಪನಿಗೆ ಕಳಿಸಿದರು. ನಗಲಿಲ್ಲ.

ಗುರುವಾರ ಮಧ್ಯಾಹ್ನ ಮೂರೂಕಾಲಿಗೆ ಸ್ವಪ್ನಿಲ್ ತಾನಾಗಿಯೇ ಫೋನು ಮಾಡಿದ. ಮದುವೆಯಾದ ಮೇಲೆ ಆಫೀಸಿನ ಹೊತ್ತಿನಲ್ಲಿ ಅವನಾಗಿ ಫೋನು ಮಾಡಿದ್ದು ಎರಡನೆಯ ಸಲ.

“ಗರಿ ಅಲುಗಾಡಾಕತ್ತಾವ,” ಎಂದ. “ಭಾಳ.”

ಅವಳು ರೋಹಿತನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಹನ್ನೊಂದು ಸಲ ಮಾಡಿದಳು. ಮನುಷ್ಯ ಕೂರುವುದು ಶುಕ್ರವಾರ, ಇಂದು ಗುರುವಾರ. ಇದು ಅವಳಿಗೆ ಗೊತ್ತಿತ್ತು. ಆದರೆ ಇಪ್ಪತ್ತಾರು ವರ್ಷದ ಹುಡುಗರು ಗುರುವಾರವೇ ಕೂತುಬಿಡುವಂಥವರು ಎಂಬುದೂ ಗೊತ್ತಿತ್ತು. ಪ್ರಲ್ಹಾದ ಸರ್ ಅವಳ ಬಾಗಿಲ ಬಳಿ ಬಂದು ನಿಂತಿದ್ದರು.

ನಾಲ್ಕಕ್ಕೆ ಅವನೇ ಮಾಡಿದ. ಹಿಂದೆ ಯಾರೋ ಕೂಗುತ್ತಿದ್ದರು, ನೀರಿನ ಸದ್ದಿತ್ತು.

“ತಾಈ.”

“ಯಾರು ಕೂತಿದ್ದರು?”

“ಚೀಲ.”

ಅವಳು ಕುರ್ಚಿಯಲ್ಲಿ ಕೂತಳು.

“ಎರಡು ಮೀಟರಲ್ಲಿ ನಿಂತಿತ್ತು,” ಎಂದ ರೋಹಿತ. “ಗಾಳಿ ಬಂತು. ಕೆಮ್ಮಿತು, ಒಂದೇ ಸಲ. ಬಿತ್ತು. ಬೆಂಕಿ ಆರಿಸಿದ್ದೇವೆ. ಸೀಟು ಸುಟ್ಟಿದೆ. ಚೀಲ ಒಡೆದಿದೆ, ಬೆಲ್ಟು ಹಾಗೇ ಇದೆ.” ನೀರಿನ ಸದ್ದು ದೂರವಾಯಿತು. “ನಾನು ಬೆಳಿಗ್ಗೆ ಅವರನ್ನ ಕೇಳಿದ್ದೆ, ಇವತ್ತೇ ಕೂರ್ತೀನಿ ಅಂತ. ನಿಮ್ಮ ಸರ್ ಕಳಿಸಿದ ಆ ಕಬ್ಬಿನ ಕಾಗದ ತೋರಿಸಿ ಬೇಡ ಅಂದ್ರು. ನಾನು ನಿಮ್ಮನ್ನ ಬೈಕೊಂಡಿದ್ದೆ.”

“ಬೈದುಕೋ,” ಎಂದಳು ಶಾಮಲಾ.

“ಮತ್ತೆ ಹಲಗೆ ಮೇಲೆ ನೋಡಬೇಕಂತೆ, ಎಷ್ಟು ಗಾಳಿಗೆ ಬೀಳ್ತದೆ ಅಂತ. ಸೋಮವಾರ ನಾನೂ ಬರಲಾ? ಹೊಗೆ ಇನ್ನೊಂದು ಸಲ ನೋಡಬೇಕು. ಅವತ್ತು ಬರೀ ವಿಡಿಯೋ ಮಾಡಿದೆ.”

“ಸೋಮವಾರ ಮಗನಿಗೆ ಲಸಿಕೆ. ರಾತ್ರಿ ಜ್ವರ ಬರ್ತದೆ,” ಎಂದಳು ಶಾಮಲಾ. ಬಾಗಿಲಲ್ಲಿದ್ದ ಸರ್ ಕಡೆ ತಿರುಗಿ ಬುಧವಾರ ಆದೀತೇ ಎಂದು ಕೇಳಿ, ಅವರು ತಲೆಯಾಡಿಸಿದ ಮೇಲೆ, “ಬುಧವಾರ ಬಾ,” ಎಂದಳು.